ಕಂಪ್ಯೂಟರ್ ಪೂರಕ ಸಾಧನಗಳು

ಕಂಪ್ಯೂಟರಿಗೆ ಮಾಹಿತಿ ಒದಗಿಸುವ, ಅದರಿಂದ ಮಾಹಿತಿಯನ್ನು ಹೊರತರುವ, ಮಾಹಿತಿಯನ್ನು ಕಾಪಿಡುವ ಅಥವಾ ಇನ್ನೊಂದು ಯಂತ್ರಕ್ಕೆ ಸಾಗಿಸುವ ಯಂತ್ರಾಂಶಗಳಿಗೆ ಪೂರಕ ಸಾಧನಗಳು ಎಂದು ಹೆಸರು. ಪ್ರೊಸೆಸರ್ ಮತ್ತು ಮುಖ್ಯ ಮೆಮೊರಿ ಇವುಗಳಲ್ಲಿ ಸೇರುವುದಿಲ್ಲ. ಕೀಲಿಮಣೆ, ಮೌಸ್, ಮಾನಿಟರ್, ಪ್ರಿಂಟರ್, ಸ್ಕ್ಯಾನರ್, ಪೆನ್ ಡ್ರೈವ್, ವೆಬ್ ಕ್ಯಾಮೆರಾ ಎಲ್ಲರಿಗೂ ಪರಿಚಿತವಾದ ಉದಾಹರಣೆಗಳು. ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿಗೆ ಸಿಕ್ಕಿಸುವ ಗ್ರಾಫಿಕ್ಸ್ ಕಾರ್ಡು, ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡುಗಳೂ ಇದೇ ಗುಂಪಿನವು.

ಯಾವುದು ಮೂಲ, ಯಾವುದು ಪೂರಕ ಎಂಬ ಗೆರೆ ಕಾಲಕಾಲಕ್ಕೆ ಸರಿಯುತ್ತ ಬಂದಿದೆ. 1981ರ ಐಬಿಎಂ ಪಿಸಿಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸುವುದಕ್ಕೂ ಪ್ರತ್ಯೇಕ ಕಾರ್ಡು ಬೇಕಿತ್ತು. ಇಂದಿನ ಲ್ಯಾಪ್‌ಟಾಪಿನಲ್ಲಿ ಪರದೆ, ಕೀಲಿಮಣೆ, ಕ್ಯಾಮೆರಾ, ಮೈಕ್, ವೈಫೈ ಎಲ್ಲವೂ ಒಂದೇ ಮೈಯಲ್ಲಿ ಅಡಗಿವೆ. ಹೀಗೆ ಒಳಸೇರಿದ ಮೇಲೂ ಇವು ಪ್ರೊಸೆಸರಿನೊಡನೆ ವ್ಯವಹರಿಸುವ ರೀತಿ ಬದಲಾಗಿಲ್ಲ. ಆದ್ದರಿಂದ ಸಾಧನ ಪೆಟ್ಟಿಗೆಯ ಒಳಗಿದೆಯೋ ಹೊರಗಿದೆಯೋ ಎನ್ನುವುದಕ್ಕಿಂತ ಅದು ಮಾಡುವ ಕೆಲಸವೇ ವರ್ಗೀಕರಣಕ್ಕೆ ಆಧಾರ.

ವರ್ಗೀಕರಣ

ಜಾನ್ ಫಾನ್ ನಾಯ್ಮನ್ 1945ರಲ್ಲಿ ಬರೆದ ಎಡ್‌ವ್ಯಾಕ್ ಯಂತ್ರದ ಕರಡು ವರದಿಯಲ್ಲಿ ಲೆಕ್ಕ ಮಾಡುವ ಭಾಗ, ನಿಯಂತ್ರಿಸುವ ಭಾಗ ಮತ್ತು ಮೆಮೊರಿಗಳನ್ನು ಯಂತ್ರದ ಒಳಗಿನವೆಂದು ಗುರುತಿಸಿದ. ಹೊರಗೆ ಮಾಹಿತಿಯನ್ನು ದಾಖಲಿಸಿಡುವ ಮಾಧ್ಯಮವೊಂದಿರುತ್ತದೆ. ಅಲ್ಲಿಂದ ಒಳಕ್ಕೆ ತರಲು ಒಂದು ಅಂಗ, ಒಳಗಿನಿಂದ ಅಲ್ಲಿಗೆ ಒಯ್ಯಲು ಇನ್ನೊಂದು ಅಂಗ ಬೇಕೆಂಬುದು ಅವನ ವಿವರಣೆ. ಈಗ ರೂಢಿಯಲ್ಲಿರುವ ವಿಂಗಡಣೆಯ ಬೇರು ಇಲ್ಲಿದೆ.

ಇನ್‌ಪುಟ್ ಸಾಧನಗಳು ಮನುಷ್ಯನ ಬೆರಳು, ದನಿ, ಬರಹವನ್ನೋ ಹೊರಜಗತ್ತಿನ ಬೆಳಕು, ತಾಪ, ಒತ್ತಡವನ್ನೋ ಅಂಕಿಗಳಾಗಿ ಪರಿವರ್ತಿಸುತ್ತವೆ. ಔಟ್‌ಪುಟ್ ಸಾಧನಗಳು ಅಂಕಿಗಳನ್ನು ಮರಳಿ ಚಿತ್ರ, ಶಬ್ದ, ಅಚ್ಚು ಅಥವಾ ಚಲನೆಯಾಗಿಸುತ್ತವೆ. ಸಂಗ್ರಹ ಸಾಧನಗಳು ವಿದ್ಯುತ್ ಹೋದರೂ ಅಳಿಯದಂತೆ ಮಾಹಿತಿಯನ್ನು ಉಳಿಸುತ್ತವೆ. ಸಂವಹನ ಸಾಧನಗಳು ಯಂತ್ರದಿಂದ ಯಂತ್ರಕ್ಕೆ ಅದನ್ನು ದಾಟಿಸುತ್ತವೆ. ಟಚ್‌ಸ್ಕ್ರೀನ್‌ನಂಥವು ಎರಡು ವರ್ಗಗಳಿಗೂ ಸಲ್ಲುತ್ತವೆ. ಮಾಹಿತಿಯೊಡನೆ ನೇರ ಸಂಬಂಧವಿಲ್ಲದಿದ್ದರೂ ಯುಪಿಎಸ್‌ನಂಥ ಬೆಂಬಲ ಸಾಧನಗಳನ್ನೂ ವ್ಯವಹಾರದಲ್ಲಿ ಇದೇ ಪಟ್ಟಿಗೆ ಸೇರಿಸುತ್ತಾರೆ.

ಕೆಲಸ ಮಾಡುವ ಬಗೆ

ಪ್ರೊಸೆಸರಿಗೂ ಸಾಧನಗಳಿಗೂ ವೇಗದಲ್ಲಿ ಅಜಗಜಾಂತರ. ಚುರುಕಾದ ಬೆರಳಚ್ಚುಗಾರರು ಸೆಕೆಂಡಿಗೆ ಹತ್ತು ಕೀಲಿ ಒತ್ತುವುದರೊಳಗೆ ಪ್ರೊಸೆಸರ್ ನೂರಾರು ಕೋಟಿ ಹೆಜ್ಜೆ ಮುಗಿಸಿರುತ್ತದೆ. ಈ ಅಂತರವನ್ನು ನಿಭಾಯಿಸುವುದಕ್ಕಾಗಿ ಪ್ರತಿ ಸಾಧನಕ್ಕೂ ಕಂಟ್ರೋಲರ್ ಎಂಬ ಮಧ್ಯವರ್ತಿ ಮಂಡಲವಿದೆ. ಸಾಧನಕ್ಕೆ ಹೇಳಬೇಕಾದ್ದನ್ನೂ ಅದರಿಂದ ಬಂದದ್ದನ್ನೂ ಅದು ತನ್ನ ಚಿಕ್ಕ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಮಾಹಿತಿ ಬಂದಿದೆಯೇ ಎಂದು ಪ್ರೊಸೆಸರ್ ಮತ್ತೆ ಮತ್ತೆ ವಿಚಾರಿಸುವುದು ಎಲ್ಲಕ್ಕಿಂತ ಸರಳ ವಿಧಾನ. ಅದರಲ್ಲಿ ಸಮಯ ಬಹಳ ಪೋಲಾಗುತ್ತದೆ. ಹಾಗಾಗಿ ಸಾಧನವೇ ಇಂಟರಪ್ಟ್ ಎಂಬ ಸಂಕೇತ ಕಳಿಸುವ ಪದ್ಧತಿ ಬಂತು. ಸಂಕೇತ ಬಂದೊಡನೆ ಪ್ರೊಸೆಸರ್ ಕೈಲಿರುವ ಕೆಲಸದ ಸ್ಥಿತಿಯನ್ನು ಬದಿಗಿಟ್ಟು, ಸಾಧನದ ಅಹವಾಲು ಮುಗಿಸಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಡಿಸ್ಕು, ಕ್ಯಾಮೆರಾ, ನೆಟ್‌ವರ್ಕ್ ಕಾರ್ಡುಗಳಂತೆ ಒಮ್ಮೆಗೇ ಹೇರಳ ಮಾಹಿತಿ ತರುವ ಸಾಧನಗಳಿಗೆ ಇದೂ ಸಾಲದು. ಅವು ಡಿಎಂಎ ಎಂಬ ಏರ್ಪಾಡಿನ ಮೂಲಕ ಪ್ರೊಸೆಸರಿನ ಹಂಗಿಲ್ಲದೆ ನೇರವಾಗಿ ಮೆಮೊರಿಗೆ ಬರೆದು, ಎಲ್ಲ ಮುಗಿದ ಮೇಲೆ ಒಂದೇ ಇಂಟರಪ್ಟ್ ಕಳಿಸುತ್ತವೆ.

ಯಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಅದರ ಭಾಷೆ ಬಲ್ಲ ಡ್ರೈವರ್ ತಂತ್ರಾಂಶವಿಲ್ಲದೆ ಕಾರ್ಯಾಚರಣ ವ್ಯವಸ್ಥೆಗೆ ಅದು ನಿರುಪಯೋಗಿ. ಡ್ರೈವರುಗಳು ವ್ಯವಸ್ಥೆಯ ಅತ್ಯಂತ ಒಳಪದರದಲ್ಲಿ ನಡೆಯುವುದರಿಂದ ಅಲ್ಲಿನ ಒಂದು ದೋಷ ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. 1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ವೇದಿಕೆಯಲ್ಲಿರುವಾಗಲೇ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿದ ಕೂಡಲೇ ಯಂತ್ರ ಕುಸಿದು ಪರದೆ ನೀಲಿಯಾಯಿತು.

ಡ್ರೈವರಿನ ಮೂಲ ಸಂಕೇತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ತಂತ್ರಾಂಶದ ಇತಿಹಾಸವನ್ನೇ ತಿರುಗಿಸಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ 9700 ಲೇಸರ್ ಪ್ರಿಂಟರ್ ಬಂತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಅಲ್ಲಿನವರು ತಿದ್ದಿಕೊಂಡು, ಅಚ್ಚು ಮುಗಿದಾಗಲೂ ಕಾಗದ ಸಿಕ್ಕಿಕೊಂಡಾಗಲೂ ಬಳಕೆದಾರರಿಗೆ ಸಂದೇಶ ಹೋಗುವಂತೆ ಮಾಡಿದ್ದರು. ಹೊಸದರ ಮೂಲ ಸಂಕೇತ ಅವರಿಗೆ ದೊರೆಯಲಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಗೆ, ಅದರ ಮೂಲಕ ಮುಕ್ತ ತಂತ್ರಾಂಶ ಚಳವಳಿಗೆ, ಈ ಅನುಭವವೂ ಒಂದು ಪ್ರೇರಣೆ.

ಆರಂಭಿಕ ಘಟ್ಟ

ಪೂರಕ ಸಾಧನಗಳಲ್ಲಿ ಕೆಲವು ಕಂಪ್ಯೂಟರಿಗಿಂತ ಹಿರಿಯವು. ಹರ್ಮನ್ ಹಾಲರಿತ್ ರಂಧ್ರ ಕಾರ್ಡುಗಳನ್ನು ಅಮೆರಿಕದ 1890ರ ಜನಗಣತಿಗೆ ಬಳಸಿದ. ಐಬಿಎಂ 1928ರಲ್ಲಿ ತಂದ 80 ಕಂಬಸಾಲುಗಳ ಕಾರ್ಡು ಅರ್ಧ ಶತಮಾನ ಬಾಳಿತು. ಆಮೇಲೆ ಬಂದ ಪರದೆಗಳಲ್ಲಿ ಸಾಲಿಗೆ 80 ಅಕ್ಷರಗಳ ರೂಢಿಗೂ ಅದೇ ಹಿನ್ನೆಲೆ. 1951ರ ಯುನಿವ್ಯಾಕ್ ಯಂತ್ರ ಲೋಹದ ಕಾಂತೀಯ ಟೇಪನ್ನು ಬಳಸಿತು. ಐಬಿಎಂ 1959ರಲ್ಲಿ ತಂದ 1403 ಲೈನ್ ಪ್ರಿಂಟರ್ 132 ಅಕ್ಷರಗಳ ಸಾಲುಗಳನ್ನು ನಿಮಿಷಕ್ಕೆ 600ರ ವೇಗದಲ್ಲಿ ಅಚ್ಚುಹಾಕುತ್ತಿತ್ತು.

ಭಾರತದಲ್ಲೂ ಮೊದಲ ತಲೆಮಾರಿನ ಪ್ರೋಗ್ರಾಮರುಗಳು ಕಾರ್ಡುಗಳಿಂದಲೇ ಕಲಿತವರು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಐಬಿಎಂ 360/44ರಂಥ ಯಂತ್ರಗಳಿಗೆ ಕಾರ್ಡಿನ ಕಟ್ಟು ಒಪ್ಪಿಸಿ, ಫಲಿತಾಂಶದ ಕಾಗದಕ್ಕಾಗಿ ಕಾಯುವುದು ಅಂದಿನ ಕ್ರಮ. ಮುಂದೆ ಟೆಲಿಟೈಪ್, ಆಮೇಲೆ ಪರದೆ ಮತ್ತು ಕೀಲಿಮಣೆಯ ಟರ್ಮಿನಲ್‌ಗಳು ಬಂದು ಬಳಕೆದಾರ ಯಂತ್ರದ ಎದುರು ಕುಳಿತು ಕೆಲಸ ಮಾಡುವಂತಾಯಿತು.

ಇನ್‌ಪುಟ್ ಸಾಧನಗಳು

ಕೀಲಿಮಣೆಯ ಕ್ವೆರ್ಟಿ ವಿನ್ಯಾಸ 1870ರ ದಶಕದ ಶೋಲ್ಸ್ ಬೆರಳಚ್ಚು ಯಂತ್ರದ ಬಳುವಳಿ. ಕೀಲಿಗಳ ಅಡಿಯಲ್ಲಿ ಅಡ್ಡ ಮತ್ತು ಉದ್ದ ತಂತಿಗಳ ಜಾಲವಿರುತ್ತದೆ. ಕೀಲಿಮಣೆಯೊಳಗಿನ ಚಿಪ್ಪು ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲಿ ಎರಡು ತಂತಿಗಳು ಕೂಡಿವೆ ಎಂದು ಕಂಡುಹಿಡಿದು ಆ ಕೀಲಿಯ ಸಂಖ್ಯೆಯನ್ನು ಕಳಿಸುತ್ತದೆ. ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ, ಸ್ಥಾನ ಮಾತ್ರ ಗೊತ್ತು. ಆ ಸ್ಥಾನಕ್ಕೆ ಯಾವ ಅಕ್ಷರ ಎಂದು ನಿರ್ಧರಿಸುವುದು ತಂತ್ರಾಂಶ. ಕೀಲಿಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರವಾದರೂ ಅದರಿಂದ ಕನ್ನಡ ಬರೆಯಲು ಸಾಧ್ಯವಾಗಿರುವುದು ಹೀಗೆ. ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವುದು ರಬ್ಬರ್ ಪೊರೆಯ ಅಗ್ಗದ ಕೀಲಿಮಣೆ. ಪ್ರತಿ ಕೀಲಿಗೂ ಪ್ರತ್ಯೇಕ ಸ್ಪ್ರಿಂಗ್ ಸ್ವಿಚ್ಚಿರುವ ಮೆಕ್ಯಾನಿಕಲ್ ಕೀಲಿಮಣೆಗಳು ಬೆಲೆಯಲ್ಲೂ ಬಾಳಿಕೆಯಲ್ಲೂ ಮುಂದಿವೆ. ಭಾರತದಲ್ಲಿ ಡೇಟಾ ಎಂಟ್ರಿ ಮಾಡುವವರಿಗೆ ಟಿವಿಎಸ್ ಗೋಲ್ಡ್ ಇಂಥ ಕೀಲಿಮಣೆಯಾಗಿ ಚಿರಪರಿಚಿತ.

ಮೌಸನ್ನು ರೂಪಿಸಿದವನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಡಗ್ಲಸ್ ಎಂಗೆಲ್ಬರ್ಟ್. ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ ಮೊದಲ ಮಾದರಿಗೆ ಮರದ ಹೊದಿಕೆಯೂ ಒಂದಕ್ಕೊಂದು ಲಂಬವಾದ ಎರಡು ಚಕ್ರಗಳೂ ಇದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. ಜೆರಾಕ್ಸ್‌ನ ಆಲ್ಟೋ ಮತ್ತು ಸ್ಟಾರ್ ಯಂತ್ರಗಳ ಮೂಲಕ ಸಾಗಿ 1984ರ ಮೆಕಿಂಟಾಷ್‌ನಿಂದ ಅದು ಜನಸಾಮಾನ್ಯರಿಗೆ ತಲುಪಿತು. ಚಕ್ರದ ಜಾಗಕ್ಕೆ ಬಂದ ರಬ್ಬರಿನ ಗುಂಡು ಧೂಳು ಹಿಡಿದು ತೊಡಕುತ್ತಿದ್ದದ್ದು ಹಳೆಯ ಬಳಕೆದಾರರ ನೆನಪಿನಲ್ಲಿರಬಹುದು. 1999ರ ನಂತರ ಜನಪ್ರಿಯವಾದ ಆಪ್ಟಿಕಲ್ ಮೌಸ್ ಪುಟ್ಟ ಕ್ಯಾಮೆರಾದಿಂದ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಚಿತ್ರಿಸಿ, ಚಿತ್ರಗಳ ನಡುವಿನ ಸರಿತವನ್ನು ಅಳೆಯುತ್ತದೆ.

ಸ್ಕ್ಯಾನರಿನ ಚರಿತ್ರೆ 1957ಕ್ಕೆ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕರ್ಷ್ ತನ್ನ ಹಸುಗೂಸಿನ ಭಾವಚಿತ್ರವನ್ನು ಉದ್ದಗಲ ತಲಾ 176 ಬಿಂದುಗಳಾಗಿ ಒಡೆದು ಕಂಪ್ಯೂಟರಿಗೆ ತುಂಬಿದ. ಇಂದು ಪಟ್ಟಿಸಂಕೇತ ಓದುವ ಅಂಗಡಿಯ ಉಪಕರಣ, ಬ್ಯಾಂಕುಗಳ ಚೆಕ್ ಸ್ಕ್ಯಾನರ್, ಗ್ರಂಥಾಲಯಗಳ ಪುಸ್ತಕ ಸ್ಕ್ಯಾನರ್ ಎಲ್ಲವೂ ಅದೇ ತತ್ತ್ವದ ಕವಲುಗಳು. ಟಚ್‌ಸ್ಕ್ರೀನ್‌ನ ಮೂಲ ಕಲ್ಪನೆಯನ್ನು ಬ್ರಿಟನ್ನಿನ ರೇಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲೇ ಪ್ರಕಟಿಸಿದ್ದ.

ಅಂಗವೈಕಲ್ಯ ಉಳ್ಳವರಿಗೆ ಸೂಕ್ತ ಸಾಧನವೇ ಕಂಪ್ಯೂಟರಿನ ಬಾಗಿಲು. ಬ್ರೈಲ್ ಪಟ್ಟಿಯಲ್ಲಿ ವಿದ್ಯುತ್ತಿಗೆ ಬಾಗುವ ಸ್ಫಟಿಕಗಳು ಚುಕ್ಕಿಗಳನ್ನು ಏರಿಸಿ ಇಳಿಸಿ ಪರದೆಯ ಸಾಲನ್ನು ಬೆರಳಿಗೆ ಓದಿಸುತ್ತವೆ. ಉಸಿರಿನಿಂದ ನಡೆಯುವ ಸ್ವಿಚ್ಚುಗಳು, ಕಣ್ಣಿನ ನೋಟ ಹಿಂಬಾಲಿಸುವ ಕ್ಯಾಮೆರಾಗಳೂ ಬಳಕೆಯಲ್ಲಿವೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಅಲುಗಾಟವನ್ನು ಗ್ರಹಿಸುವ, ಕನ್ನಡಕಕ್ಕೆ ಕೂರಿಸಿದ ಸೆನ್ಸರಿನಿಂದ ಬರೆಯುತ್ತಿದ್ದ.

ಔಟ್‌ಪುಟ್ ಸಾಧನಗಳು

ಕ್ಯಾಥೋಡ್ ಕಿರಣದ ಗಾಜಿನ ಕೊಳವೆ ಸುಮಾರು ಅರ್ಧ ಶತಮಾನ ಮಾನಿಟರಿನ ಒಡಲಾಗಿತ್ತು. 2000ದ ದಶಕದಲ್ಲಿ ದ್ರವಸ್ಫಟಿಕದ ಚಪ್ಪಟೆ ಪರದೆಗಳು ಅದನ್ನು ಬದಿಗೊತ್ತಿದವು. ಈಗ ಪ್ರತಿ ಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ಪರದೆಗಳು ಪ್ರಚಾರಕ್ಕೆ ಬಂದಿವೆ. 1987ರಲ್ಲಿ ಬಂದ ವಿಜಿಎ ಮಾನಕದ 15 ಪಿನ್ನುಗಳ ನೀಲಿ ಜೋಡಣೆ ಪ್ರೊಜೆಕ್ಟರುಗಳಲ್ಲಿ ಇನ್ನೂ ಉಳಿದಿದೆ.

ಪ್ರಿಂಟರುಗಳಲ್ಲಿ ಮುಖ್ಯ ಬಗೆಗಳು ಮೂರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ತಲೆಯಲ್ಲಿರುವ 9 ಅಥವಾ 24 ಸೂಜಿಗಳು ಶಾಯಿ ರಿಬ್ಬನ್ನಿನ ಮೇಲೆ ಬಡಿದು ಚುಕ್ಕಿಗಳಿಂದ ಅಕ್ಷರ ಕಟ್ಟುತ್ತವೆ. 1980ರ ಸುಮಾರಿಗೆ ಬಂದ ಎಪ್ಸನ್ ಎಂಎಕ್ಸ್-80 ಈ ವರ್ಗವನ್ನು ಜಗತ್ತಿನಾದ್ಯಂತ ಹರಡಿತು.

ಲೇಸರ್ ಪ್ರಿಂಟರಿನ ಜನಕ ಜೆರಾಕ್ಸ್‌ನ ಗ್ಯಾರಿ ಸ್ಟಾರ್ಕ್‌ವೆದರ್. ವಿದ್ಯುದಾವೇಶ ತುಂಬಿದ ಉರುಳೆಯ ಮೇಲೆ ಲೇಸರ್ ಕಿರಣ ಅಕ್ಷರಗಳನ್ನು ಬರೆಯುತ್ತದೆ. ಕಿರಣ ತಾಗಿದ ಕಡೆಗೆ ಟೋನರ್ ಪುಡಿ ಅಂಟಿ, ಕಾಗದಕ್ಕೆ ದಾಟಿ, ಬಿಸಿ ಉರುಳೆಗಳ ನಡುವೆ ಕರಗಿ ನಿಲ್ಲುತ್ತದೆ. ಎಚ್‌ಪಿ 1984ರಲ್ಲಿ ತಂದ ಲೇಸರ್‌ಜೆಟ್ ಇಂಚಿಗೆ 300 ಚುಕ್ಕಿಗಳಂತೆ ನಿಮಿಷಕ್ಕೆ 8 ಪುಟ ಅಚ್ಚುಮಾಡುತ್ತಿತ್ತು. ಬೆಲೆ 3,495 ಡಾಲರ್. ಮರುವರ್ಷದ ಆಪಲ್ ಲೇಸರ್‌ರೈಟರ್‌ನಲ್ಲಿ ಪುಟವಿನ್ಯಾಸವನ್ನು ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಿತ್ತು. ಅದನ್ನು ಅರ್ಥೈಸಲು ಪ್ರಿಂಟರಿನೊಳಗೆ 12 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್ ಬೇಕಾಯಿತು. ಅದಕ್ಕೆ ಆದೇಶ ಕಳಿಸುತ್ತಿದ್ದ ಮೆಕಿಂಟಾಷ್‌ನಲ್ಲಿದ್ದದ್ದು ಅದೇ ಜಾತಿಯ, ಸುಮಾರು 8 ಮೆಗಾಹರ್ಟ್ಸ್‌ನ ಪ್ರೊಸೆಸರ್. ಪೂರಕ ಸಾಧನ ಒಡೆಯನಿಗಿಂತ ಬಲಶಾಲಿಯಾದ ಮೊದಲ ಪ್ರಸಂಗಗಳಲ್ಲಿ ಇದೊಂದು. ಪತ್ರಿಕೆ ಮತ್ತು ಪುಸ್ತಕಗಳ ಪುಟಗಳನ್ನು ಮೇಜಿನ ಮೇಲೇ ಕಟ್ಟುವ ಡಿಟಿಪಿ ಉದ್ಯಮ ಬೆಳೆದದ್ದು ಈ ಜೋಡಿಯಿಂದ.

ಇಂಕ್‌ಜೆಟ್ ಪ್ರಿಂಟರಿನಲ್ಲಿ ಕೂದಲಿಗಿಂತ ಕಿರಿದಾದ ರಂಧ್ರಗಳಿಂದ ಶಾಯಿ ಚಿಮ್ಮುತ್ತದೆ. 1977ರಲ್ಲಿ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಹಾರಿತು. ಶಾಯಿಯನ್ನು ಕ್ಷಣಮಾತ್ರ ಕುದಿಸಿ ಗುಳ್ಳೆಯ ಒತ್ತಡದಿಂದ ಚಿಮ್ಮಿಸುವ ವಿಧಾನ ಅಲ್ಲಿಂದ ಹೊಳೆಯಿತು. ಎಪ್ಸನ್ ಬಿಸಿಯ ಬದಲು ವಿದ್ಯುತ್ತಿಗೆ ಬಾಗುವ ಸ್ಫಟಿಕವನ್ನು ಬಳಸುತ್ತದೆ. ಪ್ರಿಂಟರನ್ನು ಅಗ್ಗವಾಗಿ ಮಾರಿ ಕಾರ್ಟ್ರಿಜ್‌ಗಳಲ್ಲಿ ಲಾಭ ತೆಗೆಯುವುದು ಈ ಉದ್ಯಮದ ಹಳೆಯ ತಂತ್ರ. ಅದಕ್ಕೆ ಎದುರಾಗಿ ಭಾರತದ ಊರೂರುಗಳಲ್ಲಿ ಕಾರ್ಟ್ರಿಜ್ ತುಂಬಿಕೊಡುವ ಅಂಗಡಿಗಳು ಹುಟ್ಟಿಕೊಂಡವು. ಖಾಲಿ ಕಾರ್ಟ್ರಿಜ್‌ಗಳ ಮರುಮಾರಾಟವನ್ನು ತಡೆಯಲು ಪೇಟೆಂಟ್ ಬಳಸುವಂತಿಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಬಾಟಲಿಯಿಂದ ಶಾಯಿ ಸುರಿಯುವ ಟ್ಯಾಂಕ್ ಪ್ರಿಂಟರುಗಳನ್ನು ಎಪ್ಸನ್ 2010ರಲ್ಲಿ ಮೊದಲು ಇಂಡೋನೇಷ್ಯದಲ್ಲಿ ಬಿಡುಗಡೆ ಮಾಡಿತು. ಭಾರತದಲ್ಲೂ ಅವು ಬೇಗನೆ ನೆಲೆಯೂರಿದವು.

ಸಂಗ್ರಹ ಸಾಧನಗಳು

1956ರ ಐಬಿಎಂ ರಾಮ್ಯಾಕ್ ಮೊದಲ ಹಾರ್ಡ್ ಡಿಸ್ಕ್ ಯಂತ್ರ. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು ಒಂದು ಟನ್ನಿಗಿಂತ ಹೆಚ್ಚು ತೂಗುತ್ತಿದ್ದ ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಫ್ಲಾಪಿ 1971ರಲ್ಲಿ 8 ಅಂಗುಲದ ಗಾತ್ರದಲ್ಲಿ ಬಂದು, 1976ರಲ್ಲಿ ಐದೂಕಾಲು, 1981ರಲ್ಲಿ ಮೂರೂವರೆ ಅಂಗುಲಕ್ಕೆ ಇಳಿಯಿತು. ಅದರ 1.44 ಮೆಗಾಬೈಟಿನ ರೂಪ ಬಹುಕಾಲ ಕಡತ ಸಾಗಿಸುವ ಮುಖ್ಯ ವಾಹನವಾಗಿತ್ತು. 2000ದಲ್ಲಿ ಸಿಂಗಪುರದ ಟ್ರೆಕ್ ಕಂಪನಿ ಮತ್ತು ಇಸ್ರೇಲಿನ ಎಂ-ಸಿಸ್ಟಮ್ಸ್ ಫ್ಲ್ಯಾಶ್ ಮೆಮೊರಿಯ ಪುಟ್ಟ ಡ್ರೈವ್‌ಗಳನ್ನು ಮಾರುಕಟ್ಟೆಗೆ ತಂದವು. ಐಬಿಎಂ ಮಾರಿದ 8 ಮೆಗಾಬೈಟಿನ ಡ್ರೈವ್ ಐದಾರು ಫ್ಲಾಪಿಗಳಿಗೆ ಸಮ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳು ಈಗ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕಿನ ಸ್ಥಾನ ಪಡೆದಿವೆ.

ವಿಸ್ತರಣಾ ಕಾರ್ಡುಗಳು

1981ರ ಐಬಿಎಂ ಪಿಸಿಯ ಮದರ್‌ಬೋರ್ಡಿನಲ್ಲಿ ನೇರ ಜೋಡಣೆಯಿದ್ದದ್ದು ಕೀಲಿಮಣೆ ಮತ್ತು ಕ್ಯಾಸೆಟ್ ರೆಕಾರ್ಡರಿಗೆ ಮಾತ್ರ. ಉಳಿದ ಎಲ್ಲಕ್ಕೂ ಐದು ಸ್ಲಾಟುಗಳನ್ನು ಬಿಡಲಾಗಿತ್ತು. ಮಂಡಲಗಳ ನಕ್ಷೆಯನ್ನೂ ಐಬಿಎಂ ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿದ್ದರಿಂದ ಯಾರು ಬೇಕಾದರೂ ಅದಕ್ಕೆ ಒಪ್ಪುವ ಕಾರ್ಡು ಮಾಡಬಹುದಿತ್ತು. ಮೆಮೊರಿ, ಮೋಡೆಮ್, ಗಡಿಯಾರ, ನೆಟ್‌ವರ್ಕ್, ಗ್ರಾಫಿಕ್ಸ್ ಎಂದು ನೂರಾರು ಕಂಪನಿಗಳು ಕಾರ್ಡುಗಳ ಮೇಲೆಯೇ ಬದುಕು ಕಟ್ಟಿಕೊಂಡವು.

ಈ ಮುಕ್ತತೆಗೆ ತೊಂದರೆಯೂ ಜೊತೆಗಿತ್ತು. ಪ್ರತಿ ಕಾರ್ಡಿಗೂ ತನ್ನದೇ ಇಂಟರಪ್ಟ್ ಸಂಖ್ಯೆ ಬೇಕು. ಮೊದಲ ಪಿಸಿಯಲ್ಲಿದ್ದದ್ದು ಒಟ್ಟು ಎಂಟು. ಎರಡು ಕಾರ್ಡುಗಳು ಒಂದೇ ಸಂಖ್ಯೆಗೆ ಕೈಹಾಕಿದರೆ ಎರಡೂ ಕೆಡುತ್ತಿದ್ದವು. ಕಾರ್ಡಿನ ಮೇಲಿನ ಜಂಪರುಗಳನ್ನು ಕಿತ್ತು ಸಿಕ್ಕಿಸಿ ಹೊಂದಿಸುವುದು ಅಂದಿನ ತಂತ್ರಜ್ಞರ ದಿನನಿತ್ಯದ ಕೆಲಸ. ಇಂಟೆಲ್ 1992ರಲ್ಲಿ ತಂದ ಪಿಸಿಐ ಬಸ್ ಮತ್ತು ವಿಂಡೋಸ್ 95ರ ಪ್ಲಗ್ ಅಂಡ್ ಪ್ಲೇ ಏರ್ಪಾಡಿನಿಂದ ಈ ಹಂಚಿಕೆ ತಾನಾಗಿ ಆಗತೊಡಗಿತು. 2003ರಿಂದ ಪಿಸಿಐ ಎಕ್ಸ್‌ಪ್ರೆಸ್ ಮಾನಕ ಜಾರಿಯಲ್ಲಿದೆ.

ಕಾರ್ಡುಗಳ ಪೈಕಿ ಬಹುಪಾಲು ಕ್ರಮೇಣ ಮೂಲಯಂತ್ರದೊಳಗೆ ಕರಗಿದವು. ದಶಮಾಂಶ ಲೆಕ್ಕಗಳಿಗಾಗಿ ಪ್ರತ್ಯೇಕವಾಗಿ ಕೊಳ್ಳಬೇಕಿದ್ದ 8087 ಗಣಿತ ಚಿಪ್ಪಿನ ಕೆಲಸವನ್ನು 1989ರ 80486 ತನ್ನೊಳಗೇ ಸೇರಿಸಿಕೊಂಡಿತು. ಪಿಸಿಗೆ ದನಿ ಕೊಟ್ಟದ್ದು ಕೆನಡಾದ ಆಡ್‌ಲಿಬ್ ಮತ್ತು ಸಿಂಗಪುರದ ಕ್ರಿಯೇಟಿವ್ ಕಂಪನಿಗಳು. ಕ್ರಿಯೇಟಿವ್ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಒಂದು ಕಾಲಕ್ಕೆ ಆಟಗಳ ಪಾಲಿಗೆ ಮಾನಕವೇ ಆಗಿತ್ತು. 1997ರ ಬಳಿಕ ಮದರ್‌ಬೋರ್ಡಿಗೇ ಶಬ್ದದ ಚಿಪ್ಪು ಬಂದು ಸೌಂಡ್ ಕಾರ್ಡು ಸಂಗೀತಗಾರರ ವಿಶೇಷ ಉಪಕರಣವಾಗಿ ಉಳಿಯಿತು. ಮೋಡೆಮ್, ನೆಟ್‌ವರ್ಕ್ ಮತ್ತು ಟಿವಿ ಟ್ಯೂನರ್ ಕಾರ್ಡುಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ.

ಗ್ರಾಫಿಕ್ಸ್ ಕಾರ್ಡು ಮಾತ್ರ ಎದುರು ದಿಕ್ಕಿನಲ್ಲಿ ನಡೆಯಿತು. ಮೂರು ಆಯಾಮದ ಆಟಗಳಿಗಾಗಿ ಏಕಕಾಲಕ್ಕೆ ಸಾವಿರಾರು ಬಿಂದುಗಳ ಲೆಕ್ಕ ಹಾಕಲು ರೂಪಿಸಿದ ಚಿಪ್ಪನ್ನು ಬೇರೆ ಲೆಕ್ಕಗಳಿಗೂ ಹಚ್ಚಬಹುದೆಂದು ಸಂಶೋಧಕರು ಕಂಡುಕೊಂಡರು. ಎನ್‌ವಿಡಿಯಾ 2007ರಲ್ಲಿ ಕುಡಾ ತಂತ್ರಾಂಶವನ್ನು ಬಿಡುಗಡೆ ಮಾಡಿ ಆ ದಾರಿಯನ್ನು ಸಲೀಸು ಮಾಡಿತು. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯನ್ನು ಗೆದ್ದ ಅಲೆಕ್ಸ್‌ನೆಟ್ ನರಜಾಲಕ್ಕೆ ತರಬೇತಿ ನಡೆದದ್ದು ಆಟಕ್ಕೆಂದು ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ. ಇಂದಿನ ಕೃತಕ ಬುದ್ಧಿಮತ್ತೆಯ ಸರ್ವರುಗಳಲ್ಲಿ ಮುಖ್ಯ ಕೆಲಸ ಇಂಥ ಚಿಪ್ಪುಗಳದ್ದು. ಪ್ರೊಸೆಸರ್ ಅವಕ್ಕೆ ಮಾಹಿತಿ ಒದಗಿಸುವ ಪರಿಚಾರಕ.

ಲಿಪಿಗಳು ಮತ್ತು ಯಂತ್ರಾಂಶ

ಮೊದಲ ಪಿಸಿಗಳು ರೋಮನ್ ಲಿಪಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡವು. ಐಬಿಎಂನ ಏಕವರ್ಣ ಕಾರ್ಡಿನಲ್ಲಿ ಅಕ್ಷರಗಳ ರೂಪ ಚಿಪ್ಪಿನಲ್ಲೇ ಕೆತ್ತಿದಂತಿದ್ದು, ಬೇರೆ ಲಿಪಿಗೆ ಎಡೆಯಿರಲಿಲ್ಲ. ಬಣ್ಣದ ಕಾರ್ಡಿನಲ್ಲಿ ಚಿತ್ರ ಬಿಡಿಸಬಹುದಿದ್ದರೂ ಸೂಕ್ಷ್ಮತೆ ಸಾಲದು. ಥಾಯ್ ಮೂಲದ ವ್ಯಾನ್ ಸುವನ್ನುಕುಲ್ ತನ್ನ ಸಂಶೋಧನಾ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಲು ಹೊರಟು 1982ರಲ್ಲಿ ರೂಪಿಸಿದ ಹರ್ಕ್ಯುಲಿಸ್ ಕಾರ್ಡು, 720ಕ್ಕೆ 348 ಬಿಂದುಗಳ ಚಿತ್ರ ತೋರಿಸಿ ಜಗತ್ತಿನಾದ್ಯಂತ ಮಾರಾಟವಾಯಿತು.

ಭಾರತೀಯ ಲಿಪಿಗಳಿಗೆ ಉತ್ತರ ಹುಡುಕಿದ್ದು ಕಾನ್ಪುರದ ಐಐಟಿ. ಅಲ್ಲಿ 1980ರ ದಶಕದ ಮೊದಲಲ್ಲಿ ದೇವನಾಗರಿ ಟರ್ಮಿನಲ್ ಸಿದ್ಧವಾಯಿತು. ಆ ಕೆಲಸ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಕಾರ್ಡಾಗಿ ಬೆಳೆಯಿತು. ಪಿಸಿಯ ಸ್ಲಾಟಿಗೆ ಇದನ್ನು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಕನ್ನಡ, ತಮಿಳು, ಹಿಂದಿ ಮೂಡುತ್ತಿದ್ದವು. ಗುಣಿತಾಕ್ಷರ, ಒತ್ತಕ್ಷರಗಳನ್ನು ಕೂಡಿಸುವ ಜಾಣ್ಮೆ ಕಾರ್ಡಿನೊಳಗಿತ್ತು. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುವಂತೆ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಕೀಲಿ ವಿನ್ಯಾಸವನ್ನು ಇನ್‌ಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಸರ್ಕಾರ ರೂಪಿಸಿತು. ಅದು 1991ರ ಇಸ್ಕಿ ಮಾನಕದ ಭಾಗವಾಯಿತು.

ಕರ್ನಾಟಕದಲ್ಲಿ ಹೆಚ್ಚು ಬೇರೂರಿದ್ದು ಕೆ. ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸ. ಇದಕ್ಕೆ ಇಂಗ್ಲಿಷಿನ 26 ಕೀಲಿಗಳೇ ಸಾಕು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ರಾಜ್ಯ ಸರ್ಕಾರ ಇದನ್ನೇ ಅಧಿಕೃತ ವಿನ್ಯಾಸವಾಗಿ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿಗಳಿಗೆಲ್ಲ ಹಬ್ಬಿತು. ವಿಂಡೋಸ್ ಬಂದು ಅಕ್ಷರಗಳನ್ನು ಫಾಂಟುಗಳೇ ಬಿಡಿಸತೊಡಗಿದಾಗ, ಆನಂತರ ಯೂನಿಕೋಡ್ ನೆಲೆನಿಂತಾಗ, ಲಿಪಿಯ ಕಾರ್ಡಿನ ಅಗತ್ಯ ಮುಗಿಯಿತು. ಆದರೆ ಅದರೊಂದಿಗೆ ಬೆಳೆದ ಕೀಲಿ ವಿನ್ಯಾಸಗಳು ಇಂದಿನ ಫೋನುಗಳಲ್ಲೂ ಇವೆ.

ಪೋರ್ಟುಗಳು

ಹಳೆಯ ಪಿಸಿಯ ಬೆನ್ನಿನಲ್ಲಿ ಪ್ರತಿ ಸಾಧನಕ್ಕೂ ಬೇರೆ ಬೇರೆ ಆಕಾರದ ಕಿಂಡಿಗಳಿದ್ದವು. ಮೋಡೆಮಿಗೆ 1960ರಷ್ಟು ಹಳೆಯ ಆರ್‌ಎಸ್-232 ಮಾನಕದ ಸೀರಿಯಲ್ ಪೋರ್ಟು, ಪ್ರಿಂಟರಿಗೆ ಸೆಂಟ್ರಾನಿಕ್ಸ್ ಕಂಪನಿಯಿಂದ ಬಂದ ಪ್ಯಾರಲಲ್ ಪೋರ್ಟು, ಕೀಲಿಮಣೆ ಮತ್ತು ಮೌಸಿಗೆ 1987ರ ಪಿಎಸ್/2 ಗುಂಡು ಪೋರ್ಟು, ಜಾಯ್‌ಸ್ಟಿಕ್ಕಿಗೆ ಇನ್ನೊಂದು. ಇವನ್ನೆಲ್ಲ ಒಂದೇ ಜೋಡಣೆಗೆ ತರಲು ಏಳು ಕಂಪನಿಗಳು ಸೇರಿ 1996ರ ಜನವರಿಯಲ್ಲಿ ಯುಎಸ್‌ಬಿ 1.0 ಮಾನಕವನ್ನು ಪ್ರಕಟಿಸಿದವು. ಇಂಟೆಲ್‌ನಲ್ಲಿ ಆ ತಂಡವನ್ನು ಮುನ್ನಡೆಸಿದವರು ವಡೋದರದ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್.

ಒಂದೇ ಯುಎಸ್‌ಬಿ ಜಾಲಕ್ಕೆ 127 ಸಾಧನಗಳನ್ನು ಜೋಡಿಸಬಹುದು, ಯಂತ್ರ ಚಾಲೂ ಇರುವಾಗಲೇ ಸಿಕ್ಕಿಸಿ ತೆಗೆಯಬಹುದು, ಸಾಧನಕ್ಕೆ ಬೇಕಾದ ವಿದ್ಯುತ್ತೂ ಅದೇ ತಂತಿಯಲ್ಲಿ ಹರಿಯುತ್ತದೆ. ಸಿಕ್ಕಿಸಿದೊಡನೆ ಸಾಧನ ತಾನು ಯಾವ ವರ್ಗದ್ದೆಂದು ತಿಳಿಸುತ್ತದೆ. ಕೀಲಿಮಣೆ, ಪೆನ್ ಡ್ರೈವ್‌ಗಳಂಥ ಗೊತ್ತಾದ ವರ್ಗಗಳಿಗೆ ಡ್ರೈವರ್ ಮೊದಲೇ ಇರುವುದರಿಂದ ಬೇರೆ ಸಿಡಿ ಹುಡುಕಬೇಕಿಲ್ಲ. 1998ರಲ್ಲಿ ಆಪಲ್ ಐಮ್ಯಾಕ್ ಹಳೆಯ ಪೋರ್ಟುಗಳನ್ನು ಕೈಬಿಟ್ಟು ಯುಎಸ್‌ಬಿಯನ್ನು ನೆಚ್ಚಿಕೊಂಡಿತು. ವೇಗ ಮೊದಲಲ್ಲಿ ಸೆಕೆಂಡಿಗೆ 12 ಮೆಗಾಬಿಟ್, 2000ದ 2.0 ಆವೃತ್ತಿಯಲ್ಲಿ 480 ಮೆಗಾಬಿಟ್, 2008ರ 3.0 ಆವೃತ್ತಿಯಲ್ಲಿ 5 ಗಿಗಾಬಿಟ್, 2019ರ ಯುಎಸ್‌ಬಿ4ರಲ್ಲಿ 40 ಗಿಗಾಬಿಟ್. ಹೇಗೆ ಸಿಕ್ಕಿಸಿದರೂ ಹೊಂದುವ 24 ಪಿನ್ನುಗಳ ಟೈಪ್-ಸಿ ಜೋಡಣೆ 2014ರಲ್ಲಿ ಬಂತು. ತಂತಿಯಿಲ್ಲದ ಸಾಧನಗಳಲ್ಲಿ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಮೊಳೆತ ಬ್ಲೂಟೂತ್ ಪ್ರಧಾನ.

ಭಾರತದ ಬಳಕೆ

ಬೇರೆಡೆ ಮರೆಯಾಗುತ್ತಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಭಾರತದ ಬ್ಯಾಂಕು, ಗೋದಾಮು, ಸಾರಿಗೆ ಕಚೇರಿಗಳಲ್ಲಿ ಇನ್ನೂ ಸದ್ದು ಮಾಡುತ್ತಿದೆ. ಸೂಜಿ ಬಡಿದು ಅಚ್ಚುಮಾಡುವುದರಿಂದ ಕಾರ್ಬನ್ ಹಾಳೆಯಲ್ಲಿ ಏಕಕಾಲಕ್ಕೆ ಮೂರ್ನಾಲ್ಕು ಪ್ರತಿ ಬರುತ್ತವೆ, ರಿಬ್ಬನ್ ಅಗ್ಗ, ಧೂಳನ್ನೂ ಸೆಕೆಯನ್ನೂ ಅದು ತಾಳಿಕೊಳ್ಳುತ್ತದೆ. ಈ ಉದ್ಯಮದಲ್ಲಿ ಕರ್ನಾಟಕಕ್ಕೂ ಪಾಲಿದೆ: ಟಿವಿಎಸ್ ಎಲೆಕ್ಟ್ರಾನಿಕ್ಸ್ ತುಮಕೂರಿನಲ್ಲಿ ಕಾರ್ಖಾನೆ ನಡೆಸಿತು, ವಿಪ್ರೋದ ಪ್ರಿಂಟರ್ ವಿಭಾಗ 2000ದಲ್ಲಿ ಬೇರ್ಪಟ್ಟು ಬೆಂಗಳೂರಿನ ವೆಪ್ ಪೆರಿಫೆರಲ್ಸ್ ಆಯಿತು. ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಕಂಪ್ಯೂಟರುಗಳ ಸಂಸ್ಕೃತಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಗಳು ನೀರೆರೆದವು. ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ ಬೇಡವೆನ್ನಲಾಗದ ಸಾಧನವಾಯಿತು.

ಸಾಧನಗಳ ಆಯ್ಕೆ ಆಡಳಿತದ ಸ್ವರೂಪವನ್ನೂ ಬದಲಿಸಬಲ್ಲದು ಎಂಬುದಕ್ಕೆ 2000ದ ಸುಮಾರಿಗೆ ಆರಂಭವಾದ ಕರ್ನಾಟಕದ ಭೂಮಿ ಯೋಜನೆ ಸಾಕ್ಷಿ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು ತಾಲ್ಲೂಕು ಕೇಂದ್ರಗಳ ಪ್ರಿಂಟರಿನಿಂದ ಬರತೊಡಗಿದವು. ಅಲ್ಲಿ ಗುಪ್ತಪದದ ಬದಲು ಬೆರಳಚ್ಚು ಸ್ಕ್ಯಾನರಿನಿಂದ ಸಿಬ್ಬಂದಿಯ ಗುರುತು ಹಿಡಿಯುತ್ತಿದ್ದರಿಂದ ಯಾರು ಯಾವ ತಿದ್ದುಪಡಿ ಮಾಡಿದರೆಂಬ ದಾಖಲೆ ಉಳಿಯುತ್ತಿತ್ತು. ಕೌಂಟರಿನಲ್ಲಿ ರೈತರ ಕಡೆಗೆ ಮುಖಮಾಡಿದ ಎರಡನೆಯ ಮಾನಿಟರ್ ಇಟ್ಟು ನಡೆಯುವುದೆಲ್ಲ ಅವರಿಗೂ ಕಾಣುವಂತೆ ಮಾಡಲಾಯಿತು. 2010ರಿಂದ ಆಧಾರ್ ಮೂಲಕ ಬೆರಳಚ್ಚು ಮತ್ತು ಕಣ್ಣುಪಾಪೆ ಓದುವ ಸಾಧನಗಳು ದೇಶವ್ಯಾಪಿಯಾದವು. ದುಡಿದು ಸವೆದ ಬೆರಳಿನ ಗೆರೆಗಳನ್ನು ಸ್ಕ್ಯಾನರ್ ಗುರುತಿಸದೆ ಹೋಗುವುದು ಪಡಿತರ ಅಂಗಡಿಗಳಲ್ಲಿ ಕೂಲಿಕಾರರೂ ವೃದ್ಧರೂ ಎದುರಿಸುವ ಸಮಸ್ಯೆ.

ಸುರಕ್ಷತೆ ಮತ್ತು ವಿಲೇವಾರಿ

ಸಾಧನ ಹೇಳಿದ್ದನ್ನು ಕಂಪ್ಯೂಟರ್ ನಂಬುತ್ತದೆ; ಆ ನಂಬಿಕೆಯೇ ಅಪಾಯದ ದಾರಿಯೂ ಹೌದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಕುತಂತ್ರಾಂಶ ಇಂಟರ್ನೆಟ್ಟಿಗೆ ಜೋಡಿಸದ ಯಂತ್ರಗಳನ್ನೂ ಯುಎಸ್‌ಬಿ ಡ್ರೈವ್‌ಗಳ ಮೂಲಕ ತಲುಪಬಲ್ಲದಾಗಿತ್ತು. ಪೆನ್ ಡ್ರೈವಿನ ಕಂಟ್ರೋಲರನ್ನು ತಿದ್ದಿ ಅದು ತಾನೊಂದು ಕೀಲಿಮಣೆಯೆಂದು ಹೇಳಿಕೊಂಡು ಆದೇಶ ಟೈಪಿಸುವಂತೆ ಮಾಡಬಹುದೆಂದು ಜರ್ಮನಿಯ ಸಂಶೋಧಕರು 2014ರಲ್ಲಿ ತೋರಿಸಿದರು. ಹೀಗಾಗಿ ಸೂಕ್ಷ್ಮ ಮಾಹಿತಿಯಿರುವ ಕಚೇರಿಗಳಲ್ಲಿ ಯುಎಸ್‌ಬಿ ಪೋರ್ಟುಗಳನ್ನು ಮುಚ್ಚಿಡುವ ಪದ್ಧತಿಯಿದೆ.

ಸಾಧನಗಳ ಆಯುಷ್ಯ ಕಡಿಮೆಯಾದಷ್ಟೂ ತ್ಯಾಜ್ಯ ಹೆಚ್ಚುತ್ತದೆ. ಭಾರತದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದಿದ್ದು, ಬಳಸಿ ಮುಗಿದ ಸಾಧನಗಳ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು ಮೊದಲಾದ ಉಪಕರಣಗಳಿಗೆ ಟೈಪ್-ಸಿ ಚಾರ್ಜಿಂಗ್ ಜೋಡಣೆಯನ್ನು ಕಡ್ಡಾಯ ಮಾಡಿರುವ ಉದ್ದೇಶಗಳಲ್ಲಿ ಚಾರ್ಜರುಗಳ ಕಸ ತಗ್ಗಿಸುವುದೂ ಸೇರಿದೆ.

ಎಷ್ಟೋ ಸಾಧನಗಳು ತಿರಸ್ಕೃತವಾಗುವುದು ಕೆಟ್ಟು ಹೋಗಿಯಲ್ಲ. ಕಾರ್ಯಾಚರಣ ವ್ಯವಸ್ಥೆ ಹೊಸದಾದಾಗ ತಯಾರಕರು ಹಳೆಯ ಮಾದರಿಗೆ ಡ್ರೈವರ್ ಒದಗಿಸುವುದನ್ನು ನಿಲ್ಲಿಸಿದರೆ, ಗಾಜು, ಮೋಟಾರು, ದೀಪ ಎಲ್ಲ ಸುಸ್ಥಿತಿಯಲ್ಲಿರುವ ಸ್ಕ್ಯಾನರ್ ಕೂಡ ಮೂಲೆಗೆ ಸೇರುತ್ತದೆ. ಅಂಥ ಸಾಧನಗಳಲ್ಲಿ ಹಲವನ್ನು ಲಿನಕ್ಸ್ ಸಮುದಾಯದವರು ಬರೆದಿರುವ ಮುಕ್ತ ಡ್ರೈವರುಗಳು ಇಂದಿಗೂ ನಡೆಸುತ್ತಿವೆ. ಪೂರಕ ಸಾಧನವೊಂದರ ಬಾಳಿಕೆಯನ್ನು ಅದರ ಲೋಹ ಮತ್ತು ಪ್ಲಾಸ್ಟಿಕ್ಕಿನಷ್ಟೇ, ಕೆಲವೊಮ್ಮೆ ಅವಕ್ಕಿಂತ ಹೆಚ್ಚಾಗಿ, ಅದರ ಡ್ರೈವರನ್ನು ತಿದ್ದುವ ಹಕ್ಕು ಯಾರಿಗಿದೆ ಎಂಬುದು ನಿರ್ಧರಿಸುತ್ತದೆ.